ಪದವಿ ವ್ಯಾಸಂಗಕ್ಕೆ ಕೆನಡಾ ಸರಿಯೇ, ಅಮೆರಿಕ ಸರಿಯೇ? ಮಗಳ ವಿಚಾರದಲ್ಲಿ ತಿಳಿದವರ ಸಲಹೆ ಬೇಕು

ಚನ್ನಗಿರಿ ತೋಟ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕ, ಪತ್ನಿ ಪ್ರೌಢಶಾಲಾ ಶಿಕ್ಷಕಿ. ಒಬ್ಬಳೇ ಮಗಳು ಪ್ರಥಮ ಪಿಯುಸಿಯಲ್ಲಿ ಪಿಸಿಎಂಸಿ ಓದುತ್ತಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 611 ಅಂಕ ಬಂದಿದ್ದವು. ಪದವಿಯನ್ನೇ ಹೊರದೇಶದಲ್ಲಿ ಓದಬೇಕೆಂಬುದು ಅವಳ ಹಂಬಲ. ಎಂ.ಎಸ್.ಗೆ ಹೋದವರು ನಮ್ಮ ಬಳಗದಲ್ಲಿ ಬೇಕಾದಷ್ಟು ಜನರಿದ್ದಾರೆ, ಆದರೆ ಪಿಯುಸಿ ಮುಗಿಸಿ ನೇರವಾಗಿ ಪದವಿಗೇ ಹೋದವರು ಒಬ್ಬರೂ ಇಲ್ಲ. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಬ್ರಾಂಪ್ಟನ್‌ನಲ್ಲಿರುವ ಅಣ್ಣನ ಮಗ ಕೆನಡಾ ಎನ್ನುತ್ತಾನೆ, ನ್ಯೂಜೆರ್ಸಿಯಲ್ಲಿರುವ ಭಾವಮೈದ ಅಮೆರಿಕ ಎನ್ನುತ್ತಾನೆ. ಕೆನಡಾದಲ್ಲಿ ಖರ್ಚು ಕಡಿಮೆ, ಅಮೆರಿಕದಲ್ಲಿ ಹೆಸರು ಹೆಚ್ಚು ಎಂಬುದಷ್ಟೇ ನನಗೆ ಇದುವರೆಗೆ ಅರ್ಥವಾಗಿರುವ ವ್ಯತ್ಯಾಸ. ನಮ್ಮ ಉಳಿತಾಯ ಸುಮಾರು 45 ಲಕ್ಷ ರೂಪಾಯಿ ಇದೆ, ಇಬ್ಬರ ಸಂಬಳ ಸೇರಿ ವರ್ಷಕ್ಕೆ 18 ಲಕ್ಷ ಬರುತ್ತದೆ, ಚನ್ನಗಿರಿ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟವಿದೆ. ತೋಟದ ಮೇಲೆ ಸಾಲ ಕೊಡುವುದಾಗಿ ಬ್ಯಾಂಕಿನವರು ಹೇಳಿದ್ದಾರೆ. ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಿ.

ಮಿಸ್ಸಿಸಾಗದ ಗೃಹಿಣಿ

ಸರ್, ಕೆನಡಾದಲ್ಲಿ ಖರ್ಚು ಕಡಿಮೆ ಎಂಬ ಮಾತು ಈಗ ಅರ್ಧ ಮಾತ್ರ ನಿಜ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಕಲಾ ಮತ್ತು ವಿಜ್ಞಾನ ವಿಭಾಗದ ಪದವಿಗೆ ಹೊರದೇಶದ ವಿದ್ಯಾರ್ಥಿಗಳಿಗೆ ವರ್ಷದ ಬೋಧನಾ ಶುಲ್ಕವೇ 60 ಸಾವಿರ ಕೆನಡಿಯನ್ ಡಾಲರ್ ದಾಟಿದೆ. ವಸತಿ, ಊಟ, ಪುಸ್ತಕ, ಚಳಿಗಾಲದ ಬಟ್ಟೆ, ವಿಮಾನದ ಟಿಕೆಟ್ ಎಲ್ಲ ಅದರ ಮೇಲೆ. ನಿಮ್ಮ 45 ಲಕ್ಷ ಅಲ್ಲಿ ಒಂದೇ ವರ್ಷಕ್ಕೆ ಕರಗುತ್ತದೆ.

ಆದರೆ ಕೆನಡಾ ಎಂದರೆ ಟೊರೊಂಟೊ ಒಂದೇ ಅಲ್ಲ ಎಂಬುದನ್ನು ನಮ್ಮವರು ಮರೆಯುತ್ತಾರೆ. ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿ ಹೊರದೇಶದವರಿಗೆ ಶುಲ್ಕ 20 ಸಾವಿರ ಡಾಲರಿನ ಆಸುಪಾಸಿನಲ್ಲಿದೆ. ಮ್ಯಾನಿಟೋಬಾ, ಸಸ್ಕಾಚೆವಾನ್ ಪ್ರಾಂತಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿಯೂ ಟೊರೊಂಟೊಗಿಂತ ಬಹಳ ಕಡಿಮೆ. ಅಲ್ಲಿ ಚಳಿ ಹೆಚ್ಚು, ನಮ್ಮ ಜನ ಕಡಿಮೆ, ಆದರೆ ಪದವಿಗೆ ಅದೇ ಮಾನ್ಯತೆ ಇದೆ.

ಬಾಸ್ಟನ್ ಬಳಿಯಿಂದ

ಮೇಡಂ ಹೇಳಿದ್ದು ಸರಿ. ಅಮೆರಿಕದ ಲೆಕ್ಕ ಬೇರೆಯೇ ಇದೆ. ಇಲ್ಲಿನ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 85 ಸಾವಿರ ಅಮೆರಿಕನ್ ಡಾಲರ್ ದಾಟಿದೆ. ಆ ಅಂಕಿಯನ್ನು ನೋಡಿಯೇ ಬಹಳ ಜನ ಪುಟವನ್ನು ಮುಚ್ಚಿಬಿಡುತ್ತಾರೆ, ಆದರೆ ಅಲ್ಲಿಯೇ ನಿಲ್ಲಬಾರದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಮೊದಲಾದ ಬೆರಳೆಣಿಕೆಯ ಸಂಸ್ಥೆಗಳು ಹೊರದೇಶದ ವಿದ್ಯಾರ್ಥಿಗೂ ಮನೆಯ ಹಣಕಾಸನ್ನು ನೋಡದೆಯೇ ಪ್ರವೇಶ ಕೊಡುತ್ತವೆ. ಇದನ್ನೇ ನೀಡ್-ಬ್ಲೈಂಡ್ ಎನ್ನುವುದು. ಸೀಟು ಸಿಕ್ಕಿದ ಮೇಲೆ, ಕುಟುಂಬ ಎಷ್ಟು ಕೊಡಬಲ್ಲದು ಎಂದು ಲೆಕ್ಕ ಹಾಕಿ ಉಳಿದದ್ದನ್ನು ಪೂರ್ತಿಯಾಗಿ ತಾವೇ ತುಂಬುತ್ತವೆ. ಅದು ಸಾಲವಲ್ಲ, ಅನುದಾನ. ಹಾರ್ವರ್ಡ್ 2025ರಿಂದ, ವರ್ಷಕ್ಕೆ ಒಂದು ಲಕ್ಷ ಡಾಲರಿನವರೆಗೆ ಆದಾಯವಿರುವ, ಸಾಮಾನ್ಯ ಪ್ರಮಾಣದ ಆಸ್ತಿಯ ಕುಟುಂಬಗಳಿಂದ ಏನನ್ನೂ ಕೇಳದಿರುವ ನಿಯಮ ಮಾಡಿದೆ. 18 ಲಕ್ಷ ರೂಪಾಯಿ ಅದರ ಕಾಲು ಭಾಗವೂ ಆಗುವುದಿಲ್ಲ.

ಸೀಟು ಸಿಗುವುದು ಮಾತ್ರ ಬಹಳ ಕಷ್ಟ. ಅರ್ಜಿ ಹಾಕಿದ ನೂರು ಜನರಲ್ಲಿ ಹತ್ತು ಜನರಿಗೂ ಸಿಗುವುದಿಲ್ಲ, ಹೊರದೇಶದವರಿಗೆ ಇನ್ನೂ ಕಡಿಮೆ.

ಕಾವೇರಿ ದಡ

ಸ್ಟ್ಯಾನ್‌ಫರ್ಡ್ ಕೂಡ ಹಾಗೆಯೇ ಅಲ್ಲವೇ?

ಬಾಸ್ಟನ್ ಬಳಿಯಿಂದ

ಅಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಹೊರದೇಶದ ವಿದ್ಯಾರ್ಥಿ ಧನಸಹಾಯ ಕೇಳಿದರೆ, ಪ್ರವೇಶದ ತೀರ್ಮಾನದಲ್ಲಿ ಅದನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ಪ್ರವೇಶ ಕೊಟ್ಟ ಮೇಲೆ ಕೊರತೆಯನ್ನು ಪೂರ್ತಿ ತುಂಬುತ್ತಾರೆ, ಅದು ನಿಜ. ಇವೆರಡೂ ಬೇರೆ ಬೇರೆ ವಿಷಯಗಳು, ಅರ್ಜಿ ಹಾಕುವ ಮೊದಲು ಪ್ರತಿ ಸಂಸ್ಥೆಯಲ್ಲಿಯೂ ಎರಡನ್ನೂ ಬೇರೆಯಾಗಿ ವಿಚಾರಿಸಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಂಥ ಸರ್ಕಾರಿ ವಿಶ್ವವಿದ್ಯಾಲಯಗಳಿಂದ ಹೊರದೇಶದವರು ಇಂಥ ಸಹಾಯವನ್ನು ನಿರೀಕ್ಷಿಸುವಂತಿಲ್ಲ.

ಹಾಸನದ ಮೇಷ್ಟ್ರು

ನಾನು ಕೆನಡಾದ ಪರವಾಗಿ ಒಂದು ಮಾತು ಸೇರಿಸುತ್ತೇನೆ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಲೆಸ್ಟರ್ ಬಿ. ಪಿಯರ್‌ಸನ್ ಹೆಸರಿನ ವಿದ್ಯಾರ್ಥಿವೇತನವಿದೆ. ಬೋಧನಾ ಶುಲ್ಕ, ಪುಸ್ತಕ, ವಸತಿ ಎಲ್ಲವನ್ನೂ ನಾಲ್ಕು ವರ್ಷ ಅವರೇ ಭರಿಸುತ್ತಾರೆ. ಪ್ರಪಂಚಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು 37 ಜನರಿಗೆ ಸಿಗುತ್ತದೆ. ಆದರೆ ವಿದ್ಯಾರ್ಥಿ ತಾನಾಗಿ ಅರ್ಜಿ ಹಾಕುವಂತಿಲ್ಲ, ಓದುತ್ತಿರುವ ಶಾಲೆಯೇ ಹೆಸರು ಸೂಚಿಸಬೇಕು. ನಮ್ಮ ಪಿಯು ಕಾಲೇಜುಗಳ ಎಷ್ಟು ಜನ ಪ್ರಾಂಶುಪಾಲರಿಗೆ ಇದು ಗೊತ್ತಿದೆ? ಗೊತ್ತಿಲ್ಲದ ಕಾರಣಕ್ಕೇ ನಮ್ಮ ಜಿಲ್ಲೆಗಳ ಮಕ್ಕಳು ಸ್ಪರ್ಧೆಗೇ ಇಳಿಯುವುದಿಲ್ಲ ಎಂಬುದು ನನ್ನ ಬಹುಕಾಲದ ನೋವು.

ಮಲೆನಾಡಿನ ತಾಯಿ

ಮೇಷ್ಟ್ರು ಹೇಳಿದ ಜಾಗದಲ್ಲಿಯೇ ನಾವು ಎಡವಿದ್ದೆವು, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಅಮೆರಿಕದ ವಿಶ್ವವಿದ್ಯಾಲಯಗಳು ಒಂಬತ್ತನೆಯ ತರಗತಿಯಿಂದ ಹನ್ನೆರಡರವರೆಗೆ ನಾಲ್ಕೂ ವರ್ಷದ ಅಂಕಗಳನ್ನು ಕೇಳುತ್ತವೆ. ಪ್ರಥಮ ಪಿಯುಸಿಯನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಮಕ್ಕಳೆಲ್ಲ ಸಿಇಟಿ, ಜೆಇಇ ತರಬೇತಿಯಲ್ಲಿ ಮುಳುಗಿ ಕಾಲೇಜಿನ ಪರೀಕ್ಷೆಯನ್ನು ಹೇಗೋ ದಾಟಿಸುತ್ತಾರೆ. ನನ್ನ ಮಗನೂ ಹಾಗೆಯೇ ಮಾಡಿದ. ದ್ವಿತೀಯ ಪಿಯುಸಿಯಲ್ಲಿ ಚೆನ್ನಾಗಿ ಅಂಕ ಬಂದರೂ ಪ್ರಥಮ ವರ್ಷದ 71 ಪ್ರತಿಶತ ಅವನ ಅರ್ಜಿಯ ಉದ್ದಕ್ಕೂ ಎದ್ದು ಕಾಣುತ್ತಿತ್ತು.

ಒಂಬತ್ತನೆಯ ತರಗತಿಯ ಅಂಕಪಟ್ಟಿಗಾಗಿ ನಾನು ಅವನು ಓದಿದ ಪ್ರೌಢಶಾಲೆಗೆ ಮೂರು ಸಲ ಹೋದೆ. ಗುಮಾಸ್ತರು ಬೀರುವಿನ ಮೇಲಿದ್ದ ಹಳದಿ ಬಟ್ಟೆಯ ಗಂಟನ್ನು ಇಳಿಸಿ, ಬಿಚ್ಚಿ, ಆ ವರ್ಷದ ರಿಜಿಸ್ಟರಿನಲ್ಲಿ ಹೆಸರನ್ನು ಹುಡುಕಿ, ಕೈಯಲ್ಲಿ ಬರೆದು ಮೊಹರು ಹಾಕಿ ಕೊಟ್ಟರು. ಅದನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಬರೆಸಿಕೊಳ್ಳಬೇಕಾಯಿತು. ಜೊತೆಗೆ ಕಾಲೇಜಿನ ಸಮಾಲೋಚಕರ ಪತ್ರ ಬೇಕು ಎಂದಿರುತ್ತದೆ. ಪಿಯು ಕಾಲೇಜಿನಲ್ಲಿ ಅಂಥ ಹುದ್ದೆಯೇ ಇಲ್ಲ, ಕೊನೆಗೆ ಗಣಿತದ ಉಪನ್ಯಾಸಕರನ್ನು ಒಪ್ಪಿಸಿದೆವು. ಅವರು ಬಹಳ ಪ್ರೀತಿಯಿಂದಲೇ ಬರೆದರು, ಆದರೆ "ಇವನು ಸಚ್ಚಾರಿತ್ರ್ಯವುಳ್ಳವನು" ಎಂಬ ನಮ್ಮ ನಡತೆ ಪತ್ರದ ಧಾಟಿಯಲ್ಲಿತ್ತು. ಅಲ್ಲಿಯವರಿಗೆ ಬೇಕಾಗಿರುವುದು ಮಗು ತರಗತಿಯಲ್ಲಿ ಎಂಥ ಪ್ರಶ್ನೆ ಕೇಳುತ್ತದೆ, ಯಾವುದರಲ್ಲಿ ಮುಳುಗುತ್ತದೆ ಎಂಬ ವಿವರ. ಸರ್, ನಿಮ್ಮ ಮಗಳು ಇನ್ನೂ ಪ್ರಥಮ ವರ್ಷದಲ್ಲಿದ್ದಾಳೆ, ಆದ್ದರಿಂದ ನಿಮಗೆ ಸಮಯವಿದೆ.

ವಾಟರ್ಲೂ ವಿದ್ಯಾರ್ಥಿ

ಕೆನಡಾದಲ್ಲಿ ಈ ತೊಂದರೆ ಕಡಿಮೆ. ಇಲ್ಲಿ ಮುಖ್ಯವಾಗಿ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ಅಂಕಗಳನ್ನು, ಅದರಲ್ಲಿಯೂ ಆ ಕೋರ್ಸಿಗೆ ಬೇಕಾದ ವಿಷಯಗಳ ಅಂಕಗಳನ್ನು ನೋಡುತ್ತಾರೆ. ಸಾಮಾನ್ಯವಾಗಿ ಎಸ್‌ಎಟಿಯಂಥ ಪ್ರವೇಶ ಪರೀಕ್ಷೆಯ ಅಂಕ ಕೇಳುವುದಿಲ್ಲ. ಅಮೆರಿಕದಲ್ಲಿ ಎಂಐಟಿ 2022ರಲ್ಲಿ, ಹಾರ್ವರ್ಡ್, ಯೇಲ್, ಡಾರ್ಟ್‌ಮತ್, ಬ್ರೌನ್ 2024ರಲ್ಲಿ ಪ್ರವೇಶ ಪರೀಕ್ಷೆಯ ಅಂಕ ಮತ್ತೆ ಬೇಕೇ ಬೇಕು ಎಂದಿವೆ.

ನಾನು ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ಇಲ್ಲಿನ ಕೋ-ಆಪ್ ಪದ್ಧತಿಯಲ್ಲಿ ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಸಂಬಳದ ಕೆಲಸ. ಪದವಿ ಮುಗಿಯಲು ನಾಲ್ಕು ವರ್ಷ ಎಂಟು ತಿಂಗಳು ಬೇಕು. ಮೊದಲ ಕೆಲಸ ಹುಡುಕುವಾಗ ಎಂಬತ್ತಕ್ಕೂ ಹೆಚ್ಚು ಅರ್ಜಿ ಹಾಕಿದೆ. ಬೆಳಿಗ್ಗೆ ಸಂದರ್ಶನ, ಮಧ್ಯಾಹ್ನ ಸಾಲಿಡ್ ಮೆಕ್ಯಾನಿಕ್ಸ್ ಪರೀಕ್ಷೆ, ರಾತ್ರಿ ಮತ್ತೆ ಅರ್ಜಿ. ಸಂಬಳದಿಂದ ಊಟ, ಬಾಡಿಗೆ ನಡೆಯುತ್ತದೆ, ಶುಲ್ಕದ ಒಂದು ಪಾಲೂ ಹುಟ್ಟುತ್ತದೆ. ಪೂರ್ತಿ ಶುಲ್ಕ ಹುಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಪದವಿ ಮುಗಿಯುವ ಹೊತ್ತಿಗೆ ಕೈಯಲ್ಲಿ ಎರಡು ವರ್ಷದಷ್ಟು ಅನುಭವವಿರುತ್ತದೆ.

ಇಲ್ಲಿ ಕಂಪ್ಯೂಟರ್ ವಿಜ್ಞಾನವು ಗಣಿತ ವಿಭಾಗದ ಅಡಿಯಲ್ಲಿದೆ. ಅದಕ್ಕೆ ಸೇರುವ ಆಸೆಯಿದ್ದರೆ ತಂಗಿ ಈಗಿನಿಂದಲೇ ಯೂಕ್ಲಿಡ್ ಗಣಿತ ಸ್ಪರ್ಧೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲಿ.

ಕಾವೇರಿ ದಡ

ಎಲ್ಲರೂ ಪ್ರವೇಶ, ಶುಲ್ಕ ಎನ್ನುತ್ತಿದ್ದೀರಿ. ಓದು ಹೇಗಿರುತ್ತದೆ ಎಂದು ಯಾರೂ ಹೇಳುತ್ತಿಲ್ಲ.

ಅಯೋವಾ ಹಳೆಯ ವಿದ್ಯಾರ್ಥಿನಿ

ಆ ಮಾತು ನಾನು ಹೇಳುತ್ತೇನೆ. ನಾನು ಓದಿದ್ದು ಅಮೆರಿಕದ ಮಧ್ಯಭಾಗದ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ, ಅಂದರೆ ಕಲೆ, ವಿಜ್ಞಾನ ಎರಡನ್ನೂ ಪದವಿ ಮಟ್ಟದಲ್ಲಿ ಕಲಿಸುವ ಕಾಲೇಜಿನಲ್ಲಿ. ಒಟ್ಟು ವಿದ್ಯಾರ್ಥಿಗಳು ಎರಡು ಸಾವಿರಕ್ಕಿಂತ ಕಡಿಮೆ, ಸುತ್ತಲೂ ಮುಸುಕಿನ ಜೋಳದ ಹೊಲಗಳು. ಭೌತಶಾಸ್ತ್ರ ಓದಲೆಂದು ಹೋದವಳು ಎರಡನೆಯ ವರ್ಷದಲ್ಲಿ ಅರ್ಥಶಾಸ್ತ್ರಕ್ಕೆ ಬಂದೆ. ಯಾರ ಅನುಮತಿಗೂ ಅಲೆಯಲಿಲ್ಲ, ಒಂದು ವರ್ಷವೂ ವ್ಯರ್ಥವಾಗಲಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯವರೆಗೆ ಮುಖ್ಯ ವಿಷಯವನ್ನು ಗೊತ್ತುಮಾಡಬೇಕಾಗಿಲ್ಲ. ಹನ್ನೆರಡು ಜನರ ತರಗತಿಯಲ್ಲಿ ಓದದೆ ಹೋದರೆ ಪ್ರಾಧ್ಯಾಪಕರಿಗೆ ಕೂಡಲೇ ತಿಳಿಯುತ್ತಿತ್ತು, ನನಗೆ ಜ್ವರ ಬಂದರೂ ತಿಳಿಯುತ್ತಿತ್ತು.

ಇಂಥ ಹಲವು ಕಾಲೇಜುಗಳು ಹೊರದೇಶದವರಿಗೆ ಒಳ್ಳೆಯ ಧನಸಹಾಯ ಕೊಡುತ್ತವೆ. ಊರಿನಲ್ಲಿ ಯಾರೂ ಹೆಸರು ಕೇಳಿರುವುದಿಲ್ಲವೆಂಬ ಒಂದೇ ಕಾರಣಕ್ಕೆ ನಮ್ಮವರು ಅತ್ತ ನೋಡುವುದಿಲ್ಲ. ನನ್ನ ಅಪ್ಪನಿಗೂ ಮೊದಲು ಬಹಳ ಬೇಸರವಿತ್ತು.

ಮಿಸ್ಸಿಸಾಗದ ಗೃಹಿಣಿ

ಹೋಲಿಸಿ ನೋಡಿ. ಟೊರೊಂಟೊದ ಕಾನ್ವೊಕೇಶನ್ ಹಾಲ್‌ನಲ್ಲಿ ಮೊದಲ ವರ್ಷದ ಕೆಲವು ಪಾಠಗಳಿಗೆ ಸಾವಿರಕ್ಕೂ ಹೆಚ್ಚು ಮಕ್ಕಳು ಒಟ್ಟಿಗೆ ಕೂರುತ್ತಾರೆ. ನನ್ನ ಮಗಳು ಮೂರನೆಯ ಅಂತಸ್ತಿನಿಂದ ಕೆಳಗಿನ ಪರದೆಯನ್ನು ನೋಡಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ಅಂಕ ಕೊಡುವುದೂ ಬಿಗಿ; ಹನ್ನೆರಡರಲ್ಲಿ 95 ತೆಗೆದವಳು ಮೊದಲ ಸೆಮಿಸ್ಟರಿನಲ್ಲಿ 68 ನೋಡಿ ಅತ್ತಳು. ಆದರೆ ಮೂರನೆಯ ವರ್ಷಕ್ಕೆ ಬಂದಾಗ ತರಗತಿಗಳು ಚಿಕ್ಕವಾದವು, ಸಂಶೋಧನೆಗೆ ಬಾಗಿಲು ತೆರೆಯಿತು. 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೆಫ್ರಿ ಹಿಂಟನ್ ಪಾಠ ಮಾಡಿದ ವಿಶ್ವವಿದ್ಯಾಲಯ ಅದು. ಸಣ್ಣ ಕಾಲೇಜಿನಲ್ಲಿ ಅಂಥ ಪ್ರಯೋಗಾಲಯ ಎಲ್ಲಿ ಸಿಗುತ್ತದೆ?

ಅಯೋವಾ ಹಳೆಯ ವಿದ್ಯಾರ್ಥಿನಿ

ಒಪ್ಪುತ್ತೇನೆ ಮೇಡಂ. ಆದರೆ ದೊಡ್ಡ ಪ್ರಯೋಗಾಲಯದಲ್ಲಿ ಪದವಿಯ ಮಕ್ಕಳು ಪಿಎಚ್.ಡಿ. ವಿದ್ಯಾರ್ಥಿಗಳ ಹಿಂದೆ ಸರದಿ ನಿಲ್ಲಬೇಕು. ನಮ್ಮಲ್ಲಿ ಪಿಎಚ್.ಡಿ.ಯೇ ಇರಲಿಲ್ಲ, ಇದ್ದ ಕೆಲಸವೆಲ್ಲ ನಮ್ಮದೇ ಆಗಿತ್ತು.

ಜಯನಗರ ನಾಲ್ಕನೇ ಬ್ಲಾಕ್

ಓದಿನ ನಂತರದ ಮಾತನ್ನು ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಅದನ್ನು ಅನುಭವಿಸಿದ್ದೇವೆ. ಮಗ ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದ. ಓದಿನ ನಂತರ ಕೆಲಸ ಮಾಡಲು ಒಪಿಟಿ ಎಂಬ ಅನುಮತಿ ಒಂದು ವರ್ಷ, ವಿಜ್ಞಾನ-ತಂತ್ರಜ್ಞಾನದ ಪದವಿಯಾದರೆ ಇನ್ನೆರಡು ವರ್ಷ. ಆ ಮೂರು ವರ್ಷಗಳಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿಗೆ ಮೂರು ಸಲ ಹೆಸರು ಕೊಟ್ಟರು, ಮೂರು ಸಲವೂ ಬರಲಿಲ್ಲ. ವರ್ಷಕ್ಕಿರುವುದು 85 ಸಾವಿರ ವೀಸಾ, ಅದರಲ್ಲಿ 20 ಸಾವಿರ ಅಮೆರಿಕದಲ್ಲಿ ಸ್ನಾತಕೋತ್ತರ ಅಥವಾ ಅದಕ್ಕೂ ಹೆಚ್ಚಿನ ಪದವಿ ಪಡೆದವರಿಗೇ ಮೀಸಲು. ಬರೀ ಪದವಿ ಓದಿದವನಿಗೆ ಆ ಪಾಲು ಇಲ್ಲ ಎಂಬುದು ನಮಗೆ ತಿಳಿದದ್ದು ಅವನು ಹೋಗಿ ಮೂರು ವರ್ಷವಾದ ಮೇಲೆ. ಕೊನೆಗೆ ಕಂಪನಿಯವರೇ ಅವನನ್ನು ವ್ಯಾಂಕೂವರ್ ಕಚೇರಿಗೆ ಕಳುಹಿಸಿದರು. ಅಮೆರಿಕದಲ್ಲಿ ಓದಿಸಿ, ಕೊನೆಗೆ ಕೆನಡಾದಲ್ಲಿ ಹೊಸದಾಗಿ ಆರಂಭಿಸಬೇಕಾಯಿತು.

ಬಾಸ್ಟನ್ ಬಳಿಯಿಂದ

ಈಗ ಅದು ಇನ್ನೂ ಗೋಜಲಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶ ಬಂತು. ಅಮೆರಿಕದ ಒಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲವೆಂದು ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದರು. ಅದೇ ವರ್ಷ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನೇ ಕೆಲವು ವಾರ ನಿಲ್ಲಿಸಿದ್ದರು; ಜೂನ್‌ನಲ್ಲಿ ಮತ್ತೆ ಆರಂಭಿಸಿದಾಗ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದರು. ಐದು ವರ್ಷದ ಮುಂದಿನ ನಿಯಮ ಏನಿರುತ್ತದೆ ಎಂದು ಇವತ್ತು ಯಾರೂ ಭರವಸೆ ಕೊಡಲಾರರು.

ಬ್ರಾಂಪ್ಟನ್ ಲಾರಿ ಮಾಲೀಕ

ಅದಕ್ಕೇ ಕೆನಡಾ ಎನ್ನುವುದು. ಪದವಿ ಮುಗಿದರೆ ಮೂರು ವರ್ಷದ ಕೆಲಸದ ಪರವಾನಗಿ, ಒಂದು ವರ್ಷದ ಅನುಭವವಾದರೆ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ. ವಿದ್ಯಾರ್ಥಿ ವೀಸಾಕ್ಕೆ ಕೇಳುತ್ತಿದ್ದ ಪ್ರಾಂತದ ದೃಢೀಕರಣ ಪತ್ರವೂ ಈಗ ಬೇಕಾಗಿಲ್ಲವಂತೆ.

ವಾಟರ್ಲೂ ವಿದ್ಯಾರ್ಥಿ

ಅಣ್ಣಾ, ಇದರಲ್ಲಿ ಎರಡು ತಿದ್ದುಪಡಿಗಳಿವೆ. 2026ರ ಜನವರಿಯಿಂದ ದೃಢೀಕರಣ ಪತ್ರದ ವಿನಾಯಿತಿ ಸಿಕ್ಕಿರುವುದು ಸರ್ಕಾರಿ ಸಂಸ್ಥೆಗಳಲ್ಲಿ ಸ್ನಾತಕೋತ್ತರ ಮತ್ತು ಪಿಎಚ್.ಡಿ. ಓದುವವರಿಗೆ ಮಾತ್ರ. ಪದವಿಗೆ ಬರುವವರಿಗೆ ಅದು ಈಗಲೂ ಬೇಕು. ಇನ್ನು ಪಿಆರ್ ತಾನಾಗಿ ಬರುವುದಿಲ್ಲ. ಅಂಕ ನೋಡಿ ಪಿಆರ್‌ಗೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಕೆನಡಾದ ಅನುಭವವಿರುವವರ ಆಯ್ಕೆಯ ಅಂಕ 500ರ ಮೇಲೆಯೇ ಓಡಾಡುತ್ತಿದೆ, ಸರ್ಕಾರವೂ ವಲಸೆಯ ಗುರಿಯನ್ನು ವರ್ಷಕ್ಕೆ ಐದು ಲಕ್ಷದ ಯೋಜನೆಯಿಂದ ನಾಲ್ಕು ಲಕ್ಷಕ್ಕಿಂತ ಕೆಳಕ್ಕೆ ಇಳಿಸಿದೆ. ಆದರೂ ಇದು ಲಾಟರಿ ಅಲ್ಲ. ವಯಸ್ಸು, ಪದವಿ, ಭಾಷೆ, ಅನುಭವಕ್ಕೆ ಎಷ್ಟು ಅಂಕ ಎಂದು ಮೊದಲೇ ಗೊತ್ತಿರುವುದರಿಂದ ಲೆಕ್ಕ ಹಾಕಿ ಮುಂದುವರಿಯಬಹುದು. ಫ್ರೆಂಚ್ ಕಲಿತವರಿಗೆ ಹೆಚ್ಚಿನ ಅವಕಾಶವಿದೆ.

ಬ್ರಾಂಪ್ಟನ್ ಲಾರಿ ಮಾಲೀಕ

ತಿದ್ದಿದ್ದಕ್ಕೆ ಧನ್ಯವಾದ ತಮ್ಮಾ. ನಾನು ಬಂದ ಕಾಲಕ್ಕೂ ಈಗಿನ ಕಾಲಕ್ಕೂ ಬಹಳ ವ್ಯತ್ಯಾಸವಾಗಿದೆ ಎಂದು ಒಪ್ಪುತ್ತೇನೆ.

ಹುಬ್ಬಳ್ಳಿ ಅಕ್ಕ

ಸಲಹಾ ಸಂಸ್ಥೆಗಳ ಬಗ್ಗೆ ಎಚ್ಚರವಿರಲಿ. ನನ್ನ ತಮ್ಮನ ಮಗನನ್ನು ಇಲ್ಲಿನ ಒಂದು ಸಂಸ್ಥೆಯವರು "ಟೊರೊಂಟೊ ಹತ್ತಿರದ ಕಾಲೇಜು" ಎಂದು ಹೇಳಿ ಎರಡು ವರ್ಷದ ಡಿಪ್ಲೊಮಾಕ್ಕೆ ಸೇರಿಸಿದರು. ಕೆನಡಾದಲ್ಲಿ ಕಾಲೇಜು ಬೇರೆ, ವಿಶ್ವವಿದ್ಯಾಲಯ ಬೇರೆ ಎಂಬುದೇ ನಮಗೆ ಗೊತ್ತಿರಲಿಲ್ಲ; ನಾವು ಇಲ್ಲಿ ಪದವಿ ಕಾಲೇಜು ಎನ್ನುವಂತೆ ಅದೂ ಪದವಿಯೇ ಎಂದುಕೊಂಡೆವು. 2024ರ ನವೆಂಬರ್‌ನಿಂದ ಅಂಥ ಡಿಪ್ಲೊಮಾ ಓದಿದವರಿಗೆ ಕೆಲಸದ ಪರವಾನಗಿ ಸಿಗಬೇಕಾದರೆ ಓದಿದ ವಿಷಯ ಸರ್ಕಾರದ ಪಟ್ಟಿಯಲ್ಲಿರಬೇಕು. ವಿಶ್ವವಿದ್ಯಾಲಯದ ಪದವಿಗೆ ಆ ನಿರ್ಬಂಧವಿಲ್ಲ, ಭಾಷಾ ಪರೀಕ್ಷೆಯ ಅಂಕವೊಂದಿದ್ದರೆ ಸಾಕು. ಈ ಒಂದು ವ್ಯತ್ಯಾಸ ತಿಳಿಯದೆ ನಮ್ಮ ಮನೆಯವರು ಕಳೆದುಕೊಂಡ ಹಣವನ್ನು ಬರೆಯಲು ಕೈ ಬರುವುದಿಲ್ಲ.

ಶಿರಸಿ ಕಡೆಯವ

ಸರ್, ನಾನೂ ಅಡಿಕೆ ಬೆಳೆಗಾರ, ತೋಟದ ವಿಚಾರ ಮಾತ್ರ ಹೇಳುತ್ತೇನೆ. ಒಂದು ವರ್ಷ ಕೊಳೆರೋಗ ಬಂದರೆ ಅರ್ಧ ಫಸಲು ನೆಲಕ್ಕೆ ಬೀಳುತ್ತದೆ, ಇನ್ನೊಂದು ವರ್ಷ ಫಸಲು ಚೆನ್ನಾಗಿದ್ದರೆ ಮಂಡಿಯಲ್ಲಿ ದರ ಇರುವುದಿಲ್ಲ. ಡಾಲರಿನ ಸಾಲಕ್ಕೆ ಅಡಿಕೆಯ ಆದಾಯವನ್ನು ನಂಬಿ ತೋಟವನ್ನು ಅಡವಿಡಬೇಡಿ. ನೀವು ಮತ್ತು ಮೇಡಂ ನಿವೃತ್ತರಾದ ಮೇಲೆ ನಿಮಗೆ ಉಳಿಯುವುದು ಅದೊಂದೇ. ಮಗಳ ಹೆಸರಿನಲ್ಲಿ ವಿದ್ಯಾಸಾಲ ತೆಗೆಯುವುದಾದರೆ, ಅದರ ಕಂತನ್ನು ಅವಳು ಊರಿಗೆ ವಾಪಸು ಬಂದು ಬೆಂಗಳೂರಿನ ಸಂಬಳದಲ್ಲಿಯೂ ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕಿ. ಸಾಧ್ಯವಿಲ್ಲವೆಂದಾದರೆ ಆ ಸಾಲ ದೊಡ್ಡದಾಯಿತು.

ಜಯನಗರ ನಾಲ್ಕನೇ ಬ್ಲಾಕ್

ಇದು ನೂರಕ್ಕೆ ನೂರು ಸರಿ. ಹಣ ಕಳುಹಿಸುವಾಗ ಇನ್ನೊಂದು ವಿಷಯ ನೆನಪಿರಲಿ. ಬ್ಯಾಂಕಿನ ವಿದ್ಯಾಸಾಲದಿಂದ ಹೋಗುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಹಣ ಕಳುಹಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ, ಹಿಡಿಯುವುದಿಲ್ಲ, ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಹಿಡಿಯುತ್ತಾರೆ. ಕೆನಡಾದ ಅರ್ಜಿಗೆ ಮೊದಲ ವರ್ಷದ ಶುಲ್ಕದ ಜೊತೆಗೆ ಜೀವನ ವೆಚ್ಚಕ್ಕೆಂದು 22,895 ಕೆನಡಿಯನ್ ಡಾಲರ್ ತೋರಿಸಬೇಕು. 2023ರ ಕೊನೆಯವರೆಗೆ ಅದು 10 ಸಾವಿರವಿತ್ತು.

ಚನ್ನಗಿರಿ ತೋಟ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮೂವರೂ ಕುಳಿತು ಪ್ರತಿಯೊಂದು ಉತ್ತರವನ್ನೂ ಎರಡೆರಡು ಸಲ ಓದಿದೆವು. ಬ್ಯಾಂಕಿನವರಿಗೆ ತೋಟದ ಮೇಲಿನ ಸಾಲ ಬೇಡವೆಂದು ತಿಳಿಸುತ್ತೇನೆ. ಮಗಳು ತಾನೇ ಒಂದು ಪ್ರಶ್ನೆ ಕೇಳಬೇಕೆನ್ನುತ್ತಿದ್ದಾಳೆ, ಕೆಳಗಿನದು ಅವಳು ಬರೆದದ್ದು.

ನಮಸ್ಕಾರ. ನನಗೆ ಕಂಪ್ಯೂಟರ್ ವಿಜ್ಞಾನ ಇಷ್ಟ, ಅದರಷ್ಟೇ ಭಾಷಾವಿಜ್ಞಾನವೂ ಇಷ್ಟ. ಅಜ್ಜಿ "ಹೋಗ್ಯಾನೆ" ಎನ್ನುವುದನ್ನು ಯಂತ್ರಕ್ಕೆ ಅರ್ಥ ಮಾಡಿಸುವುದು ಹೇಗೆ ಎಂದು ಯೋಚಿಸುತ್ತಿರುತ್ತೇನೆ. ಪಠ್ಯಪುಸ್ತಕದ ಕನ್ನಡ ಅದಕ್ಕೆ ಗೊತ್ತಾಗುತ್ತದೆ, ಅಜ್ಜಿಯ ಕನ್ನಡ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ ಓದಲು ಎಲ್ಲಿ ಸಾಧ್ಯ?

ಅಯೋವಾ ಹಳೆಯ ವಿದ್ಯಾರ್ಥಿನಿ

ತಂಗಿ, ಈ ಪ್ರಶ್ನೆಯನ್ನು ಮೊದಲೇ ಬರೆದಿದ್ದರೆ ನಮ್ಮ ಅರ್ಧ ವಾದ ತಪ್ಪುತ್ತಿತ್ತು. ಅಜ್ಜಿಯ ಮಾತಿನ ಬಗ್ಗೆ ನೀನು ಬರೆದ ಈ ನಾಲ್ಕು ಸಾಲನ್ನೇ ಹಿಗ್ಗಿಸಿದರೆ ಅಮೆರಿಕದ ಅರ್ಜಿಗೆ ಬೇಕಾದ 650 ಪದಗಳ ಪ್ರಬಂಧವಾಗುತ್ತದೆ. ಬೇರೆಯವರಿಂದ ಬರೆಸಬೇಡ. ನೀಡ್-ಬ್ಲೈಂಡ್ ಸಂಸ್ಥೆಗಳಲ್ಲಿ ಎರಡು, ಧನಸಹಾಯ ಚೆನ್ನಾಗಿರುವ ಸಣ್ಣ ಕಾಲೇಜುಗಳಲ್ಲಿ ನಾಲ್ಕು ಆರಿಸಿಕೋ. ಸಹಾಯ ಸಿಗದೆ ಬರೀ ಸೀಟು ಸಿಕ್ಕಿದರೆ ಹೋಗುವುದು ಬೇಡ.

ವಾಟರ್ಲೂ ವಿದ್ಯಾರ್ಥಿ

ಕೆನಡಾದಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಗ್ನಿಟಿವ್ ಸಿಸ್ಟಮ್ಸ್ ಎಂಬ ಪದವಿಯನ್ನು ನೋಡು. ಕಂಪ್ಯೂಟರ್ ವಿಜ್ಞಾನ, ಭಾಷಾವಿಜ್ಞಾನ, ಮನಶ್ಶಾಸ್ತ್ರ, ತತ್ತ್ವಶಾಸ್ತ್ರ ನಾಲ್ಕನ್ನೂ ಸೇರಿಸಿ ಕಟ್ಟಿದ್ದಾರೆ. ಟೊರೊಂಟೊದಲ್ಲಿಯೂ ಕಾಗ್ನಿಟಿವ್ ಸೈನ್ಸ್ ಇದೆ. ಶುಲ್ಕ ಮಾತ್ರ ಮೇಡಂ ಹೇಳಿದಂತೆ ಭಾರ, ವಿದ್ಯಾರ್ಥಿವೇತನ ಸಿಗದಿದ್ದರೆ ಮೆಮೋರಿಯಲ್‌ನಲ್ಲಿ ಭಾಷಾವಿಜ್ಞಾನ ವಿಭಾಗವಿದೆ.

ಹಾಸನದ ಮೇಷ್ಟ್ರು

ಪಿಯರ್‌ಸನ್ ವಿದ್ಯಾರ್ಥಿವೇತನದ ವಿಚಾರವನ್ನು ನಿಮ್ಮ ಪ್ರಾಂಶುಪಾಲರಿಗೆ ತಿಳಿಸಲು ಒಂದು ಪತ್ರದ ಕರಡನ್ನು ನಾನು ಬರೆದುಕೊಡುತ್ತೇನೆ. ಮಗಳು ದ್ವಿತೀಯ ಪಿಯುಸಿಗೆ ಬಂದ ಕೂಡಲೇ ಕೊಟ್ಟರೆ ಸಾಕು.

ಚನ್ನಗಿರಿ ತೋಟ

ಖಂಡಿತ ಬೇಕು ಮೇಷ್ಟ್ರೇ. ಪ್ರಥಮ ಪಿಯುಸಿಯ ವಾರ್ಷಿಕ ಪರೀಕ್ಷೆಗೆ ಇನ್ನೂ ಐದು ವಾರವಿದೆ. ಸಿಇಟಿ ತರಬೇತಿಯನ್ನು ಅಲ್ಲಿಯವರೆಗೆ ನಿಲ್ಲಿಸಿದ್ದಾಳೆ. ಸೋಮವಾರ ಅವಳ ಹಳೆಯ ಪ್ರೌಢಶಾಲೆಗೆ ಒಂಬತ್ತನೆಯ ತರಗತಿಯ ಅಂಕಪಟ್ಟಿಗಾಗಿ ಹೋಗುತ್ತಿದ್ದೇನೆ. ಇಂಗ್ಲಿಷಿನಲ್ಲಿಯೂ ಒಂದು ಪ್ರತಿ ಬೇಕೆಂದು ಮೊದಲೇ ಹೇಳುತ್ತೇನೆ.

ಮಲೆನಾಡಿನ ತಾಯಿ

ಎರಡು ಪ್ರತಿ ತೆಗೆದುಕೊಳ್ಳಿ ಸರ್, ಮೊಹರು ಎರಡರ ಮೇಲೂ ಇರಲಿ.